ಹೆಸರು ಕೇಳಿದ ಮೇಲೆ

“ಅಮ್ಮಾರ್,” ಎಂದಿತು ಮಂಜು.

ಫೋನಿನ ಮೇಲೆ ಓಡುತ್ತಿದ್ದ ನವ್ರೆಸ್‌ಳ ಬೆರಳು ನಿಂತಿತು. ಅವಳು ಖರ್ಜೂರದ ಮರದ ಬುಡದಲ್ಲಿ ಚಾಪೆಯ ಮೇಲೆ ಕೂತಿದ್ದಳು. ತಲೆಯೆತ್ತಿದರೆ ಮರ ಒಂದಾಳೆತ್ತರದವರೆಗೆ ಮಾತ್ರ ಕಾಣುತ್ತಿತ್ತು. ಅದರ ಮೇಲಿನದನ್ನು ದಟ್ಟ ಮಂಜು ಒರೆಸಿಹಾಕಿದ ಹಾಗಿತ್ತು.

ಆ ಬಿಳುಪಿನೊಳಗಿಂದ ಒಂದು ಗೊನೆ ಇಳಿಯಿತು. ಅದನ್ನು ಹಿಡಿದ ಕೈ ಕಾಣಲಿಲ್ಲ. ಅಜ್ಜ ಕೈ ಚಾಚುತ್ತಿದ್ದ ಎತ್ತರಕ್ಕೆ ಬಂದು ನಿಂತು, ಮೆಲ್ಲಗೆ ತೂಗಿತು. ಆಮೇಲೆ ಒಂದು ಹಣ್ಣೂ ಉದುರದಂತೆ ಚಾಪೆಯ ಮೇಲೆ ಕೂತಿತು.

ಅಜ್ಜ ಅಮ್ಮಾರ್ ಬೇಸಿಗೆಯಲ್ಲೇ ತೀರಿಕೊಂಡಿದ್ದ.

“ಅಮ್ಮಾ, ಕೇಳಿಸ್ತಾ?”

“ಏನು?”

“ಹೆಸರಿಗೆ ಮುಂಚೆ ಒಂದು ಕೆಮ್ಮು. ಅಜ್ಜಂದು.”

ಅಮ್ಮ ಗೊನೆಯಿಂದ ಹುಳುಕು ಹಣ್ಣು ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ. “ಕೇಳಿಸಿದ್ದನ್ನ ಒತ್ತು. ಅಷ್ಟೇ ನಿನ್ನ ಕೆಲಸ,” ಎಂದು ತಲೆವಸ್ತ್ರವನ್ನು ಹಣೆಯ ಮೇಲೆ ಎಳೆದುಕೊಂಡಳು.

ಈ ತೋಟಗಳಲ್ಲಿ ಯಾರೂ ಗೊನೆಯನ್ನು ಮೇಲಿನಿಂದ ಎಸೆಯುವುದಿಲ್ಲ. ಮರದ ತುದಿಯಲ್ಲಿ ಕೊಯ್ಯುವವನು, ಅವನ ಕೆಳಗೆ ಕಾಂಡಕ್ಕೆ ಕಾಲು ಕೊಟ್ಟು ಒಬ್ಬ, ಅವನ ಕೆಳಗೆ ಇನ್ನೊಬ್ಬ. ಗೊನೆ ಕೈಯಿಂದ ಕೈಗೆ ಇಳಿಯುತ್ತದೆ. ಗೊನೆಯ ಮರೆಯಲ್ಲಿ ಕೆಳಗಿನ ಕೈ ಕಾಣುವುದಿಲ್ಲ. ಅದಕ್ಕೇ ಹಿಡಿದವನು ತನ್ನ ಹೆಸರು ಹೇಳುತ್ತಾನೆ. ಹೆಸರು ಕೇಳಿದ ಮೇಲೆಯೇ ಮೇಲಿನವನು ಬಿಡುತ್ತಾನೆ. ಕೇಳದಿದ್ದರೆ ತೋಳು ಎಷ್ಟೇ ನೋಯಲಿ, ಬಿಡುವುದಿಲ್ಲ. ಕೊಯ್ಲು ಮುಗಿದಾಗ, ಹೆಸರು ಕೇಳಿಸಿದವರ ಮನೆಗಳಿಗೆಲ್ಲ ಚಳಿಗಾಲದ ಪಾಲು ಹೋಗುತ್ತದೆ.

ಇವರ ಸಾಲಿನಲ್ಲಿ ತುದಿಗೆ ಬೆಲ್ಗಾಸೆಮ್ ಮಾಮ, ಆಮೇಲೆ ಅವನ ಇಬ್ಬರು ಗಂಡುಮಕ್ಕಳು, ಅವರ ಕೆಳಗೆ ತೀಜಾನಿ ಮಾಮ. ಎಲ್ಲರಿಗಿಂತ ಕೆಳಗಿನ ಜಾಗ ಅಜ್ಜನದು.

ಫೋನು ಮಾತ್ರ ಈ ವರ್ಷದ್ದು. ಖರ್ಜೂರ ಕೊಳ್ಳುವ ಕಾರ್ಖಾನೆಯವರು, ಅಜ್ಜ ಇದ್ದಾಗಲೇ, ಸಾಲಿನ ಎಲ್ಲರ ಹೆಸರು ಹಾಕಿ ಕೊಟ್ಟದ್ದು. ಯಾವ ಮರದ ಹಣ್ಣು ಯಾರ ಕೈಯಲ್ಲಿ ಇಳಿಯಿತು ಎಂದು ಅದಕ್ಕೆ ಹೇಳಬೇಕು. ಶಾಲೆಗೆ ರಜೆ ಇದ್ದುದರಿಂದ ಆ ಕೆಲಸ ನವ್ರೆಸ್‌ಗೆ ಬಂದಿತ್ತು. ಅವಳು ‘ಅಮ್ಮಾರ್’ ಎಂಬ ಹೆಸರಿನ ಮೇಲೆ ಬೆರಳಿಟ್ಟು ಒತ್ತಿದಳು. ಗಾಜು ತಣ್ಣಗಿತ್ತು.

ಅಷ್ಟರಲ್ಲಿ ತೋಟದ ಬೇಲಿಯಾಚೆ ಒಂದು ವ್ಯಾನು ನಿಂತ ಸದ್ದಾಯಿತು. ಕಾರ್ಖಾನೆಯ ಹಾಜೆರ್ ಮ್ಯಾಡಮ್ ಮಂಜಿನೊಳಗಿಂದ ಬಂದಳು. ಬೂಟಿಗೆಲ್ಲ ಕೆಸರು.

“ಈ ಸಾಲಿನ ಫೋನ್ ಯಾರ ಹತ್ರ ಇರೋದು?”

“ನನ್ನ ಹತ್ರ, ಮ್ಯಾಡಮ್.”

“ಅಮ್ಮಾರ್ ಅಂದ್ರೆ ಯಾರಮ್ಮ?”

“ನಮ್ಮಜ್ಜ.”

“ಸ್ವಲ್ಪ ಕರಿ. ಮಾತಾಡ್ಬೇಕು.”

ನವ್ರೆಸ್ ಅಮ್ಮನ ಕಡೆ ನೋಡಿದಳು. ಅಮ್ಮನ ಕೈಗಳು ಗೊನೆಯ ಮೇಲೆ ಸುಮ್ಮನಿದ್ದವು.

“ಕರೆಯೋಕಾಗಲ್ಲ. ಅಜ್ಜ ತೀರ್ಕೊಂಡ್ರು.”

“ಅದು ನಮಗೂ ಗೊತ್ತು. ನಮ್ಮಲ್ಲಿ ಅವರ ಹೆಸರು ಆಗಲೇ ತೆಗೆದಿದ್ದಾರೆ. ಆದ್ರೂ ನಿಮ್ಮ ಪ್ರತಿ ಮರದಲ್ಲೂ ಬರ್ತಾ ಇದೆ. ನಾನೇನಂತ ತಿಳ್ಕೊಳ್ಳಲಿ?”

“ದೆವ್ವ ಅಂತ ತಿಳ್ಕೊಳ್ಳಿ ಮ್ಯಾಡಮ್,” ಎಂದಿತು ಮೇಲಿಂದ ಒಂದು ದನಿ. ಬೆಲ್ಗಾಸೆಮ್‌ನ ಕಿರಿಮಗ. “ಕೂಲಿ ಕೇಳಲ್ಲ, ಚಹಾನೂ ಕೇಳಲ್ಲ. ಒಳ್ಳೇ ದೆವ್ವ.”

“ಬಾಯ್ಮುಚ್ಕೊಂಡು ಮರ ಹಿಡ್ಕೊಳೋ, ಕತ್ತೆ,” ಎಂದಿತು ಇನ್ನೂ ಮೇಲಿಂದ ಅವನ ಅಪ್ಪನ ದನಿ.

ಹಾಜೆರ್ ಮ್ಯಾಡಮ್ ನಗಲಿಲ್ಲ. “ಒಂದು ಡಬ್ಬೀಲಿ ಹುಳ ಸಿಕ್ಕಿದ್ರೆ ನಾನು ಯಾವ ಮರ, ಯಾರ ಕೈ ಅಂತ ಹುಡುಕ್ಕೊಂಡು ಬರ್ಬೇಕು. ಬಂದ್ರೆ ಇಲ್ಲಿ ಮನುಷ್ಯನೇ ಇಲ್ಲ. ನಿನ್ನೆ ಕಳಿಸಿದ ಹಣ್ಣು ಪೂರ್ತಿ ನಮ್ಮ ಗೇಟಲ್ಲಿ ನಿಂತಿದೆ. ಇವತ್ತು ಯಾರು ಅಂತ ಗೊತ್ತಾಗ್ಲಿಲ್ಲ ಅಂದ್ರೆ ನಿಮ್ಮ ಸಾಲಿನದು ಎಲ್ಲಾ ವಾಪಸ್ಸು.”

ನವ್ರೆಸ್ ಫೋನಿನ ಕಡೆ ನೋಡಿದಳು. ಅಜ್ಜನ ಹೆಸರು ಇಟ್ಟರೆ ಎಲ್ಲರ ಹಣ್ಣೂ ಹಿಂದೆ ಬರುತ್ತದೆ. ತೆಗೆದರೆ ಅಜ್ಜನ ಪಾಲು ನಿಲ್ಲುತ್ತದೆ. ಮನೆಯಲ್ಲಿ ಈಗ ಅಮ್ಮ ಮತ್ತು ಅವಳು, ಇಬ್ಬರೇ. ಚಳಿಗಾಲವೆಲ್ಲ ರೊಟ್ಟಿಯ ಜೊತೆ ತಿನ್ನುವುದು ಆ ಪಾಲನ್ನೇ.

“ನಾನು ಸುಳ್ಳು ಒತ್ತಿಲ್ಲ ಮ್ಯಾಡಮ್. ಕೇಳಿಸ್ತು.”

“ಹಾಗಾದ್ರೆ ನಂಗೂ ಕೇಳಿಸ್ಲಿ,” ಎಂದು ಮ್ಯಾಡಮ್ ಚಾಪೆಯ ಅಂಚಿನಲ್ಲಿ ಕೂತಳು.

ಮೇಲೆ ಎಲ್ಲೋ ಕುಡುಗೋಲು ಕರಕ್ ಎಂದಿತು. ಒಂದು ಹೆಸರು ಬಂತು. ಅದಕ್ಕಿಂತ ಹತ್ತಿರ ಇನ್ನೊಂದು. ಯಾರೋ ಮೆಟ್ಟಿಲಿಳಿದು ಬರುತ್ತಿರುವಂತೆ ಹೆಸರುಗಳು ಕೆಳಗಿಳಿದವು. “ತೀಜಾನಿ.” ಆಮೇಲೆ ಏನೂ ಇಲ್ಲ. ಗರಿಗಳಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ.

ಆಮೇಲೆ ಕೆಮ್ಮು. “ಅಮ್ಮಾರ್.”

ಮ್ಯಾಡಮ್ ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದದ್ದನ್ನು ನವ್ರೆಸ್ ನೋಡಿದಳು. ದೊಡ್ಡವರೂ ಹೆದರುತ್ತಾರೆ ಎಂದು ಕಂಡದ್ದೇ ಅವಳು ಎದ್ದಳು. ಅಜ್ಜನ ಜಾಗದ ಕೆಳಗೆ ಹೋಗಿ ನಿಂತಳು. ಮಂಜಿನಿಂದ ಗೊನೆ ಇಳಿಯಿತು. ಅವಳು ಕಣ್ಣು ಮುಚ್ಚಿ ಗೊನೆಯ ಮೇಲಕ್ಕೆ ಕೈ ಚಾಚಿದಳು. ತಣ್ಣಗಿನದೇನೋ ಕೈಗೆ ತಗಲಿತು. ಒದ್ದೆಯಾಗಿತ್ತು, ಮಂಜಿನ ಬಿಳುಪಲ್ಲಿ ಕಾಣದಷ್ಟು ತೆಳ್ಳಗಿತ್ತು.

ಹಗ್ಗ.

ಅವಳು ಅದನ್ನು ಎಳೆದಳು.

“ಯಾ ರಬ್ಬೀ, ದೇವರೇ, ಯಾರದು?” ತೀಜಾನಿ ಮಾಮ ಮೇಲಿಂದ ಕೂಗಿದ.

“ನಾನು ಮಾಮ, ನವ್ರೆಸ್. ಕೆಮ್ಮಿದ್ದು ನೀವಾ?”

ಹಗ್ಗ ಸಡಿಲಾಗಿ ಗೊನೆ ಚಾಪೆಗೆ ಇಳಿಯಿತು.

“ಹೂಂ ಮಗಳೇ. ನಾನೇ.”

“ಯಾಕೆ?”

“ಏನು ಹೇಳ್ಲಿ. ಹುಡುಗನಾಗಿದ್ದಾಗಿಂದ ಆ ಕೆಮ್ಮು ಕೇಳಿ, ಆ ಹೆಸರು ಕೇಳಿ ಕೈ ಬಿಟ್ಟು ಅಭ್ಯಾಸ. ಈ ಸಲ ಕೆಳಗೆ ಯಾರೂ ಇಲ್ಲ, ಮೊದಲನೇ ಗೊನೆ ಹಿಡ್ಕೊಂಡು ಹಗ್ಗದಲ್ಲಿ ಇಳಿಸಿ ಹಗ್ಗ ಮೇಲೆಳ್ಕೊಳ್ಳೋಣ ಅಂದ್ರೆ ಕೈಯೇ ಬಿಚ್ಲಿಲ್ಲ. ಕೊನೆಗೆ ನಾನೇ ಕೆಮ್ಮಿ ನಾನೇ ಹೇಳ್ದೆ. ಬಿಚ್ತು.”

“ಹಾಗೇ ಹೇಳ್ತಿರು ಅಂದಿದ್ದು ನಾನು,” ಎಂದ ತುದಿಯಿಂದ ಬೆಲ್ಗಾಸೆಮ್. “ಹೆಸರು ಕೇಳಿಸ್ತಿದ್ರೆ ಆ ಮನೆಗೆ ಪಾಲು ಹೋಗುತ್ತೆ ಅಂತ. ನಾವು ನಾವೇ ಮಾಡ್ಕೊಂಡಿದ್ದು ಮ್ಯಾಡಮ್. ಮಗೂದೇನೂ ತಪ್ಪಿಲ್ಲ.”

ಹಾಜೆರ್ ಮ್ಯಾಡಮ್ ಉಸಿರು ಬಿಟ್ಟಳು. “ಹಾಗಾದ್ರೆ ನಿನ್ನೆಯದೆಲ್ಲ ತೀಜಾನಿಯವರ ಕೈ ಅಂತ ಹಾಕ್ತೀನಿ. ಗೇಟು ತೆಗೀತಾರೆ. ಆದ್ರೆ ಇನ್ಮುಂದೆ ಆ ಜಾಗದಿಂದ ನಂಗೆ ಬದುಕಿರೋರ ಹೆಸರೇ ಬೇಕು. ಯಾರೂ ಇಲ್ಲ ಅಂದ್ರೆ ಯಾರೂ ಇಲ್ಲ ಅನ್ನಿ.”

ಆಗಲೇ ಕೊಯ್ದಿದ್ದ ಗೊನೆಯೊಂದು ಮೇಲಿನಿಂದ ಇಳಿಯುತ್ತಿತ್ತು. “ತೀಜಾನಿ,” ಎಂದು ಕೇಳಿಸಿತು. ಮುಂದೆ ಕೆಮ್ಮು ಬರಲಿಲ್ಲ.

“ಹಿಡ್ಕೊಂಡಿದೀನಿ,” ಎಂದ ತೀಜಾನಿ ಮಾಮ. “ಏನ್ ಮಾಡ್ಲಿ ಹೇಳ್ರಪ್ಪ. ಭಾರ ಇದೆ.”

ಅಮ್ಮ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎದ್ದಳು. ಚಪ್ಪಲಿ ಬಿಟ್ಟಳು. ಮರದ ಬುಡದಲ್ಲಿ ಅಜ್ಜನ ಕಾಲು ಸವೆಸಿದ ಗುಳಿಯೊಂದಿತ್ತು. ಅದರಲ್ಲಿ ಪಾದವಿಟ್ಟು, ಮೇಲಿನ ಇನ್ನೊಂದು ಗುಳಿಗೆ ಇನ್ನೊಂದು ಪಾದವಿಟ್ಟು ಏರಿದಳು. ಅವಳ ತಲೆ ಮಂಜಿನೊಳಗೆ ಹೋಯಿತು, ಆಮೇಲೆ ಭುಜ. ನವ್ರೆಸ್‌ಗೆ ಕೆಳಗಿನ ಅರ್ಧ ಅಮ್ಮ ಮಾತ್ರ ಉಳಿದಳು.

ಈ ತೋಟದಲ್ಲಿ ಹೆಂಗಸರು ಹಣ್ಣು ಆರಿಸುತ್ತಾರೆ, ಮರಕ್ಕೆ ಕಾಲಿಡುವುದಿಲ್ಲ. ಇಲ್ಲಿನವರಿಗೆ ಅಮ್ಮ ಎಂದರೆ ನವ್ರೆಸ್‌ಳ ಅಮ್ಮ, ಇಲ್ಲವೇ ಅಮ್ಮಾರನ ಸೊಸೆ. ಅವಳ ಹೆಸರನ್ನು ಇಲ್ಲಿ ಯಾರೂ ಕೂಗಿದ್ದಿಲ್ಲ.

“ಮಹ್ಬೂಬಾ,” ಎಂದಳು ಅಮ್ಮ ಮೆಲ್ಲಗೆ.

“ಕೇಳಿಸ್ಲಿಲ್ಲ,” ಎಂದ ತೀಜಾನಿ ಮಾಮ.

“ಮಹ್ಬೂಬಾ.”

ಗೊನೆ ಚಾಪೆಗೆ ಬಂತು. ಒಂದೆರಡು ಹಣ್ಣು ಉದುರಿದವು. ಮೇಲೆ ಯಾರೂ ತಮಾಷೆ ಮಾಡಲಿಲ್ಲ. “ಈ ಸಲ ನಂಗೂ ಕೇಳಿಸ್ತು,” ಎಂದ ಬೆಲ್ಗಾಸೆಮ್. “ಪಾಲು ಇನ್ನು ಈ ಹೆಸರಿಗೆ ಹೋಗುತ್ತೆ.”

ಹಾಜೆರ್ ಮ್ಯಾಡಮ್ ಫೋನಿನಲ್ಲಿ ಅಮ್ಮನ ಹೆಸರು ಸೇರಿಸಿ ನವ್ರೆಸ್‌ಗೆ ಕೊಟ್ಟಳು. “ಅಜ್ಜಂದು ಇದ್ರಲ್ಲಿ ಹಾಗೇ ಉಳಿದಿದೆ. ಹೆಸರಿನ ಮೇಲೆ ಬೆರಳು ಒತ್ತಿ ಹಿಡಿ, ಬೆರಳು ಬಿಟ್ಟ ತಕ್ಷಣ ಹೋಗುತ್ತೆ. ನೀನೇ ಮಾಡು.”

ನವ್ರೆಸ್ ಬೆರಳು ಒತ್ತಿದಳು. ‘ಅಮ್ಮಾರ್’ ಬೆಳಗಿತು. ಅವಳು ಹಿಡಿದೇ ಇದ್ದಳು. ಬೆರಳ ತುದಿ ಬೆಳ್ಳಗಾಯಿತು, ನೋಯತೊಡಗಿತು. ಮ್ಯಾಡಮ್ ಅವಸರ ಮಾಡಲಿಲ್ಲ.

ಮೇಲೆ ಕುಡುಗೋಲು ಕರಕ್ ಎಂದಿತು. ಹೆಸರುಗಳು ಒಂದೊಂದಾಗಿ ಇಳಿದವು. “ತೀಜಾನಿ.” ನೀರು ತೊಟ್ಟಿಕ್ಕಿತು. ನವ್ರೆಸ್ ಕಿವಿಗೊಟ್ಟಳು.

“ಮಹ್ಬೂಬಾ,” ಎಂದಿತು ಮಂಜು.

ಅವಳು ಬೆರಳು ಬಿಟ್ಟಳು.