ಅಲ್ಮಾಸಳ ಐದು ನಿಮಿಷ

“ಎಷ್ಟ ಬಂತು? ಲಗೂನ ಹೇಳ!”

ಮಲ್ಲಿನಾಥ ಸೈಕಲ್ ಹಿಡಿದು ನಿಂತಲ್ಲೇ ಕುಣಿಯುತ್ತಿದ್ದ. ಅವನ ತಲೆಯಿಂದ ಕೆರೆಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಪವಿತ್ರಾ ಒದ್ದೆ ಕಾಲಿಗೇ ಬೂಟು ತುರುಕುತ್ತಿದ್ದಳು.

ಅಲ್ಮಾಸ ಕೈ ಒರೆಸಿಕೊಂಡಳು. ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಸ್ಟ್ರಿಪ್ಪಿಗೆ ತಾಗಿಸಿದಳು. ಅಂಗೈಯಷ್ಟೇ ಇದ್ದ ಶುಗರ್ ಮಷೀನು ಐದು, ನಾಲ್ಕು, ಮೂರು ಎಂದು ಎಣಿಸತೊಡಗಿತು.

ಅವರಿಗಿಂತ ಮುಂದೆ ಇದ್ದದ್ದು ಒಂದೇ ಟೀಮು, ರಂಗಂಪೇಟೆಯವರದು. ಅವರು ಆಗಲೇ ಸೈಕಲ್ ಹತ್ತಿದ್ದರು. ಉಳಿದ ಮೂರು ಟೀಮಿನವರು ಇನ್ನೂ ನೀರಿನಲ್ಲಿ ಕೈಕಾಲು ಬಡಿಯುತ್ತಿದ್ದರು. ಸಗರದ ಈ ಮೂವರು ಎರಡನೇ ನಂಬರಿನಲ್ಲಿರುತ್ತಾರೆ ಎಂದು ಯಾರೂ ಅಂದುಕೊಂಡಿರಲಿಲ್ಲ.

ಪಿ.ಟಿ. ಮೇಷ್ಟ್ರು ನಸೀರುದ್ದೀನ ಸರ್ ಈ ಟ್ರಯಥ್ಲಾನ್ ಇಟ್ಟಿದ್ದರು. ಮೊದಲು ಕೆರೆಯಲ್ಲಿ ಹಗ್ಗದ ಗುಂಟ ಈಜಬೇಕು. ಆಮೇಲೆ ಕಾಲುವೆ ದಂಡೆಯ ಮೇಲೆ ಆರು ಕಿಲೋಮೀಟರ್ ಸೈಕಲ್ ತುಳಿಯಬೇಕು. ಕೊನೆಗೆ ಶಾಲೆಯವರೆಗೆ ಓಟ. ಟೀಮಿನ ಮೂವರೂ ಕೂಡಿಯೇ ಮುಗಿಸಬೇಕು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಮುಂದೆ ಹೋಗುವಂತಿಲ್ಲ.

ಮಷೀನು ಟುಂಯ್ ಎಂದಿತು. ಎಂಬತ್ತನಾಲ್ಕು.

ಅಲ್ಮಾಸ ಮಷೀನನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

“ನೂರರ ಕೆಳಗ ಬಂದ್ರ ಬಾಳೆಹಣ್ಣು ತಿನ್ನು. ಐದು ನಿಮಿಷ ಕುಂದ್ರು. ಆಮ್ಯಾಲ ಹೋಗು, ಬೇಟಾ,” ಎಂದು ಅಮ್ಮಿ ಹತ್ತು ಸಲ ಹೇಳಿದ್ದಳು. ಈ ಮಾತಿಗೆ ಒಪ್ಪಿದ ಮೇಲೆಯೇ ರೇಸಿಗೆ ಕಳಿಸಿದ್ದಳು. ಡಾಕ್ಟರನ್ನು ಕೇಳಿ, ಬೆಳಗಿನ ಇನ್ಸುಲಿನ್ನನ್ನೂ ಕಡಿಮೆ ಮಾಡಿ ಚುಚ್ಚಿದ್ದಳು.

ಐದು ನಿಮಿಷ! ಅಷ್ಟರಲ್ಲಿ ಎಲ್ಲರೂ ಮುಂದೆ ಹೋಗಿಬಿಡುತ್ತಾರೆ.

ಎರಡು ವರ್ಷದ ಹಿಂದೆ, ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಲ್ಮಾಸಳಿಗೆ ಡಯಾಬಿಟಿಸ್ ಬಂದಿತ್ತು. ಅಂದಿನಿಂದ ಎಲ್ಲರ ಬಾಯಲ್ಲೂ ಒಂದೇ ಮಾತು, “ಅಲ್ಮಾಸ, ನೀ ಕುಂದ್ರು.” ಖೋಖೋ ಆಡುವಾಗ ಅವಳು ಕೂತು ಪಾಯಿಂಟ್ ಬರೆಯುತ್ತಿದ್ದಳು. ಗೆಳೆಯರೆಲ್ಲ ಗುಂಪಾಗಿ ಶಹಾಪುರಕ್ಕೆ ಸೈಕಲ್ ಹೊಡೆದಾಗ ಅವಳು ಅಮ್ಮಿಯ ಜೊತೆ ಆಟೋದಲ್ಲಿ ಹೋದಳು. ಆಟೋ ಅವರನ್ನು ದಾಟುವಾಗ ಎಲ್ಲರೂ ಕೈ ಬೀಸಿದರು. ಅವಳೂ ಬೀಸಿದಳು. ಆಮೇಲೆ ಅವರು ಮರೆಯಾಗುವವರೆಗೂ ಹಿಂದಿನ ಕಿಂಡಿಯಿಂದ ಅವರನ್ನೇ ನೋಡುತ್ತಿದ್ದಳು. ತಾನೂ ಆ ಗುಂಪಿನ ನಡುವೆ ಬೆಲ್ ಬಾರಿಸುತ್ತಾ ಹೋಗಬೇಕು ಎಂದು ಎಷ್ಟು ಸಲ ಕನಸು ಕಂಡಿದ್ದಳೋ!

“ಅಲ್ಮಾಸ, ಎಷ್ಟು?” ಪವಿತ್ರಾ ಕೇಳಿದಳು.

“ನೂರಾ ಮೂವತ್ತು,” ಎಂದಳು ಅಲ್ಮಾಸ. ಮಷೀನನ್ನು ಸೊಂಟದ ಚೀಲಕ್ಕೆ ಹಾಕಿ ಜಿಪ್ ಎಳೆದಳು.

“ಹಂಗಾರ ನಡೀರಿ!”

ಮೂರು ಸೈಕಲ್‌ಗಳು ಕಾಲುವೆ ದಂಡೆ ಹತ್ತಿದವು. ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ಹತ್ತಿ ಹೊಲ. ಒದ್ದೆ ಬಟ್ಟೆಗೆ ಗಾಳಿ ತಣ್ಣಗೆ ಬಡಿಯುತ್ತಿತ್ತು. ಅಲ್ಮಾಸ ಬೆಲ್ ಬಾರಿಸಿದಳು. ಮುಂದೆ ಹೋಗುತ್ತಿದ್ದ ಮಲ್ಲಿನಾಥ ತಿರುಗಿ ನೋಡದೆಯೇ ತಾನೂ ಬಾರಿಸಿದ. ಪವಿತ್ರಾ ನಕ್ಕಳು. ಈ ದಾರಿ ಮುಗಿಯಲೇಬಾರದು ಅನ್ನಿಸಿತು ಅಲ್ಮಾಸಳಿಗೆ.

ಎರಡು ಕಿಲೋಮೀಟರ್ ದಾಟಿರಬೇಕು. ಹ್ಯಾಂಡಲ್ ಹಿಡಿದ ಕೈ ನಡುಗತೊಡಗಿತು. ತಣ್ಣನೆಯ ಗಾಳಿಯಲ್ಲೂ ಕುತ್ತಿಗೆ ಬೆವರಿತು. ಇನ್ನೊಂದು ಸ್ವಲ್ಪ, ಇನ್ನೊಂದೇ ಸ್ವಲ್ಪ ಎಂದು ತುಳಿದಳು. ಮಲ್ಲಿನಾಥನ ಕೆಂಪು ಅಂಗಿ ಒಂದಿದ್ದದ್ದು ಎರಡಾಗಿ ಕಂಡಿತು. ಸೈಕಲ್ ತಾನಾಗಿಯೇ ನೀರಿನ ಕಡೆಗೆ ವಾಲಿತು.

“ಅಲ್ಮಾಸ! ಬ್ರೇಕ್ ಹಿಡಿ!” ಹಿಂದಿನಿಂದ ಪವಿತ್ರಾ ಚೀರಿದಳು.

ಅಲ್ಮಾಸ ಬ್ರೇಕ್ ಹಿಡಿದಳು. ಕಾಲು ನೆಲಕ್ಕೆ ಕೊಟ್ಟು ಹಾಗೇ ಕುಸಿದು ಕೂತಳು. ಪವಿತ್ರಾ ಓಡಿ ಬಂದು ಅವಳ ಚೀಲದಿಂದ ಗ್ಲೂಕೋಸ್ ಪುಡಿ ತೆಗೆದಳು. ಅದನ್ನು ನೀರಿಗೆ ಕಲಸಿ ಕುಡಿಸಿದಳು. ಆಮೇಲೆ ಮಷೀನು ಹಚ್ಚಿದರು. ಐವತ್ತೆಂಟು.

“ನೂರಾ ಮೂವತ್ತು ಇತ್ತಂತಿ? ಇಷ್ಟ ಲಗೂ ಹೆಂಗ ಇಳೀತು?” ಮಲ್ಲಿನಾಥ ಕೇಳಿದ.

ಅಲ್ಮಾಸ ತಲೆ ತಗ್ಗಿಸಿದಳು. “ಎಂಬತ್ತನಾಲ್ಕು ಇತ್ತು.”

“ಮತ್ತ ಸುಳ್ಳ ಯಾಕ ಹೇಳಿದಿ?”

“ನಿಂದ್ರಬೇಕಾಗ್ತಿತ್ತು. ನನ್ನ ಸಲುವಾಗಿ ನೀವೂ ಹಿಂದ ಬೀಳ್ತಿದ್ರಿ...”

“ಐದು ನಿಮಿಷ ಹೋಗ್ತಿತ್ತು, ಅಷ್ಟ! ಈಗ ನೋಡು!” ಮಲ್ಲಿನಾಥನ ದನಿ ಏರಿತು. “ಕಾಲುವ್ಯಾಗ ಬಿದ್ದಿದ್ರ ಏನ್ ಮಾಡ್ಬೇಕಿತ್ತು ನಾವು? ಹೇಳ!”

ಅವನು ಒಂದು ಕಲ್ಲನ್ನು ಹೆಕ್ಕಿ ನೀರಿಗೆ ಎಸೆದ. ಇನ್ನೊಂದನ್ನೂ ಎಸೆದ. 

ಹಿಂದಿನ ಟೀಮುಗಳು ಒಂದೊಂದಾಗಿ ದಾಟಿಹೋದವು. ಕೊನೆಯಲ್ಲಿ ಶಹಾಪುರದವರು ಹೋದರು. ಅವರ ಹಿಂದೆಯೇ ನಸೀರುದ್ದೀನ ಸರ್ ಅವರ ಬೈಕ್ ಬಂತು. ಅವರು ಎಲ್ಲವನ್ನೂ ಕೇಳಿದರು. ಹದಿನೈದು ನಿಮಿಷ ಕೂರಿಸಿ ಮತ್ತೆ ಚೆಕ್ ಮಾಡಿಸಿದರು. ನೂರಾ ಎರಡು. ಬಿಸ್ಕೀಟು ತಿನ್ನಿಸಿದರು.

“ಅಲ್ಮಾಸ, ಬೈಕ್ ಮ್ಯಾಲ ಕುಂದ್ರತಿಯೇನು? ಸಾಲಿಗೆ ಬಿಡ್ತೀನಿ.”

ಅಲ್ಮಾಸ ಗೆಳೆಯರ ಕಡೆ ನೋಡಿದಳು. ಪವಿತ್ರಾ ಬೇಡವೆಂದು ಮೆಲ್ಲಗೆ ತಲೆ ಅಲ್ಲಾಡಿಸಿದಳು. ಮಲ್ಲಿನಾಥ ಹೋಗಿ ಅವಳ ಸೈಕಲ್ ಎತ್ತಿ ನಿಲ್ಲಿಸಿದ.

“ಬ್ಯಾಡ್ರಿ ಸರ್. ಹೋಗ್ತೀನ್ರಿ.”

“ಹಂಗಾರ ಸಾವಕಾಶ ಹೋಗ್ರಿ. ಹಿಂದ ನಾ ಇರ್ತೀನಿ.”

ಉಳಿದ ದಾರಿಯಲ್ಲಿ ಯಾರೂ ಬೆಲ್ ಬಾರಿಸಲಿಲ್ಲ. ಓಟ ಶುರುವಾಗುವ ಬೇವಿನ ಮರದ ಹತ್ತಿರ ಬಂದಾಗ ಪವಿತ್ರಾ ಒಮ್ಮೆಲೇ ಪಿಸುಗುಟ್ಟಿದಳು.

“ಅಲ್ನೋಡ್ರಿ, ಶಹಾಪುರದವ್ರು! ಇನ್ನೂ ಇಲ್ಲೇ ಅದಾರ!”

ಅವರ ಸೈಕಲ್ಲಿನ ಚೈನು ಬಿದ್ದಿತ್ತಂತೆ. ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಈಗಷ್ಟೇ ಓಡಲು ಸಜ್ಜಾಗುತ್ತಿದ್ದರು. ಅವರು ಮೂವರೂ ದಣಿದಿದ್ದರು. ಓಡಿದರೆ ಹಿಡಿಯಬಹುದು. ಮಲ್ಲಿನಾಥನಂತೂ ಇಡೀ ಶಾಲೆಗೇ ಫಾಸ್ಟ್.

ಅಲ್ಮಾಸ ಬೆರಳಿಗೆ ಸೂಜಿ ಚುಚ್ಚಿದಳು. ಮಲ್ಲಿನಾಥ ಈ ಸಲ ಎಷ್ಟೆಂದು ಕೇಳಲಿಲ್ಲ. ಮಷೀನಿನಲ್ಲಿ ಎಂಬತ್ತೆಂಟು ಎಂದು ಬಂತು.

ಶಹಾಪುರದವರು ಓಟ ಶುರುಮಾಡಿದರು. ಅವರ ಹಿಂದೆಯೇ ಜಿಗಿಯಬೇಕು ಎಂದು ಅಲ್ಮಾಸಳ ಕಾಲು ತುಡಿಯಿತು. 

“ಎಂಬತ್ತೆಂಟು,” ಎಂದಳು. “ನನಗ ಐದು ನಿಮಿಷ ಬೇಕು.”

ಪವಿತ್ರಾ ಬಾಳೆಹಣ್ಣು ಸುಲಿದು ಕೊಟ್ಟಳು. ಮಲ್ಲಿನಾಥ ಅವಳ ಪಕ್ಕದಲ್ಲೇ ಕೂತ. ದೂರ ದೂರ ಹೋಗುತ್ತಿದ್ದ ಓಟಗಾರರ ಮೇಲಿಂದ ಅವನ ಕಣ್ಣು ಕದಲಲಿಲ್ಲ. ಬೂಟಿನ ಹಿಮ್ಮಡಿ ಮಾತ್ರ ನೆಲಕ್ಕೆ ಟಪಟಪ ಬಡಿಯುತ್ತಿತ್ತು.

ಅಲ್ಮಾಸ ಅವನ ಮುಖವನ್ನೇ ನೋಡಿದಳು. ಅವನಿಗೂ ತನ್ನಷ್ಟೇ ಆಸೆ. ಕಾಲಲ್ಲಿ ಓಡುವ ಶಕ್ತಿಯೂ ಇದೆ. ಆದರೂ ಕೂತಿದ್ದಾನೆ.

ಶಹಾಪುರದವರು ತಿರುವಿನಲ್ಲಿ ಮರೆಯಾದರು. ಆಗ ಮಲ್ಲಿನಾಥ ಉಸಿರು ಬಿಟ್ಟು ಅವಳ ಕಡೆ ತಿರುಗಿದ.

“ಇನ್ನ ಎಷ್ಟ ನಿಮಿಷ?”

“ಎರಡು.”

“ಹ್ಞೂಂ. ಪೂರಾ ತಿನ್ನು,” ಎಂದ.