ಕಿರುದಿಂಗಳ ಕಡಲು ಬೆಚ್ಚಗಾದ ಕತೆ

ಬಹಳ ಹಿಂದೆ, ಪಟ್ಟೆಪಟ್ಟೆ ಮೈಯ ಒಂದು ದೈತ್ಯಗ್ರಹವನ್ನು ಚಂದ್ರರಾದ ಇಬ್ಬರು ಅಕ್ಕತಂಗಿಯರು ಸುತ್ತುತ್ತಿದ್ದರು. ಅಕ್ಕ ಹಿರಿದಿಂಗಳು, ತಂಗಿ ಕಿರುದಿಂಗಳು. ಅಕ್ಕ ಒಂದು ಸುತ್ತು ಬರುವಷ್ಟರಲ್ಲಿ ತಂಗಿ ಎರಡು ಸುತ್ತು ಬರುತ್ತಿದ್ದಳು. ಕಿರುದಿಂಗಳ ಮೈಯೆಲ್ಲ ಹಿಮ, ಹಿಮದಡಿ ಕಡಲು, ಕಡಲ ತಳದಲ್ಲಿ ಒಂದು ರಾಜ್ಯ. ಅಲ್ಲಿಯ ಜನ ನೀರಿನಲ್ಲೇ ಉಸಿರಾಡುತ್ತಿದ್ದರು. ಬಿಸಿನೀರು ಉಕ್ಕುವ ಬಂಡೆಗಳ ಸುತ್ತ ಮನೆ ಕಟ್ಟಿಕೊಂಡಿದ್ದರು.

ಒಮ್ಮೆ ಆ ಬಂಡೆಗಳು ತಣ್ಣಗಾಗತೊಡಗಿದವು. ಮೇಲಿನ ಹಿಮ ದಪ್ಪವಾಗುತ್ತಾ ಕೆಳಕ್ಕಿಳಿಯಿತು. ಸೋಮಲೆ ಎಂಬ ಹುಡುಗಿಯ ಅಜ್ಜಿ ಹಾಸಿಗೆ ಹಿಡಿದಳು. ಅವಳ ಬೆರಳುಗಳು ಮಡಚಿಕೊಂಡು ಮತ್ತೆ ಬಿಚ್ಚಲಿಲ್ಲ. ಸೋಮಲೆ ಅರಸಿ ತೆರೆಮಾಲೆಯ ಬಳಿಗೆ ಹೋದಳು.

"ಅಮ್ಮಣ್ಣಿ, ನಮಗೇಕೆ ಹೀಗಾಯಿತು?"

ಅರಸಿ ಹೇಳಿದಳು: "ಅಕ್ಕ ಹತ್ತಿರ ಬಂದಾಗಲೆಲ್ಲ ತಂಗಿಯನ್ನು ಒಂದಿಷ್ಟು ಎಳೆಯುತ್ತಿದ್ದಳು. ಅದರಿಂದ ನಮ್ಮ ದಾರಿ ಬಳೆಯಂತೆ ದುಂಡಗಾಗದೆ ಮೊಟ್ಟೆಯಂತೆ ಉದ್ದವಾಗಿತ್ತು. ದೈತ್ಯಗ್ರಹದ ಹತ್ತಿರ ಹೋದಾಗ ಆ ದೈತ್ಯ ನಮ್ಮನ್ನು ಹಿಂಡುತ್ತಿದ್ದ, ದೂರ ಬಂದಾಗ ಸಡಿಲ ಬಿಡುತ್ತಿದ್ದ. ಹಿಟ್ಟು ನಾದಿದ ಹಾಗೆ ನಾದಿ ನಾದಿ ನೆಲದೊಡಲು ಬಿಸಿಯಾಗುತ್ತಿತ್ತು. ಈಗ ಶೀತಕೇತನೆಂಬ ಮಾಂತ್ರಿಕ ಅಕ್ಕನನ್ನು ಮಾಯದ ಹಗ್ಗದಿಂದ ದೂರದ ಕತ್ತಲಲ್ಲಿ ಕಟ್ಟಿಹಾಕಿದ್ದಾನೆ. ನಮ್ಮ ದಾರಿ ದುಂಡಗಾಗಿ ನಾದುವುದು ನಿಂತಿದೆ. ಹಗ್ಗದ ಗಂಟನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ನೆತ್ತಿಯ ಮೇಲೆ, ಹಿಮದಲ್ಲಿ ಕೂತಿದ್ದಾನೆ. ಹೋದವರು ಯಾರೂ ಮರಳಲಿಲ್ಲ."

"ನಾನು ಹೋಗಿ ಬರುತ್ತೇನೆ," ಎಂದಳು ಸೋಮಲೆ.

ನೀರಿಲ್ಲದ ಕಡೆಯೂ ಉಸಿರು ನಿಲ್ಲದಂತೆ ಅರಸಿ ಅವಳ ಕೊರಳಿಗೆ ಒಂದು ಮುತ್ತು ಕಟ್ಟಿದಳು.

ಮೇಲೇರಲು ಇದ್ದದ್ದು ಹಿಮದ ಒಂದೇ ಬಿರುಕು. ಅದರ ಬಾಯಿಗೆ ಕಣ್ಣಿಲ್ಲದ ಸರ್ಪವೊಂದು ಸುತ್ತಿಕೊಂಡಿತ್ತು. ಸೋಮಲೆ ಅದರೆದುರು ನಿಂತು ಕೇಳಿದಳು:

"ನನ್ನನ್ನು ತಿನ್ನುತ್ತೀಯಾ?"

"ಹಸಿವಿಲ್ಲ ಮಗಳೇ, ಚಳಿ," ಎಂದಿತು ಸರ್ಪ.

ಅವಳು ತನ್ನ ಪಾಚಿಯ ಕಂಬಳಿಯನ್ನು ಅದಕ್ಕೆ ಹೊದಿಸಿದಳು. ಸರ್ಪ ಸರಿದು ದಾರಿ ಬಿಟ್ಟಿತು. "ಮೇಲೆ ಯಾರು ಕರೆದರೂ ತಿರುಗಬೇಡ. ತಿರುಗಿದವರು ಹಿಮವಾಗುತ್ತಾರೆ," ಎಂದಿತು.

ನಡುದಾರಿಯಲ್ಲಿ ಸೊಂಡಿಲುಳ್ಳ ಸಿಂಹದಂಥ ಹಿಮದ ಯಾಳಿಯೊಂದು ಅವಳ ಬೆನ್ನ ಹಿಂದೆ ಬಂತು. ಅಜ್ಜಿಯ ದನಿಯಲ್ಲಿ ಕರೆಯಿತು: "ಸೋಮೀ, ನನ್ನೊಬ್ಬಳನ್ನೇ ಬಿಟ್ಟು ಹೋದೆಯಾ?" ಬಿರುಕಿನ ಗೋಡೆಯಲ್ಲಿ ಹಿಮವಾಗಿ ನಿಂತವರ ಮುಖಗಳು ಕಂಡವು. ಸೋಮಲೆಯ ಕಣ್ಣು ತುಂಬಿತು. ಆದರೂ ಅವಳು ತಿರುಗಲಿಲ್ಲ. "ಬರುತ್ತೇನೆ ಅಜ್ಜಿ, ಸ್ವಲ್ಪ ತಾಳು," ಎಂದು ಮುಂದಕ್ಕೇ ನೋಡುತ್ತಾ ಹತ್ತಿದಳು.

ಮೇಲೆ ಬಂದರೆ ಬಿಳಿಯ ಬಯಲು. ಅರ್ಧ ಆಕಾಶ ತುಂಬಿಕೊಂಡು ದೈತ್ಯಗ್ರಹ ಅಲುಗದೆ ನಿಂತಿತ್ತು. ಅದರಡಿ, ಹಿಮದ ಮೇಲೆ ಶೀತಕೇತ ಕೂತಿದ್ದ. ಅವನ ಕಣ್ಣುಗಳು ಕೆಂಪಾಗಿದ್ದವು.

"ಹತ್ತಿರ ಬಂದರೆ ಕಲ್ಲಾಗಿಸುತ್ತೇನೆ," ಎಂದ.

"ನಮ್ಮ ಮೇಲೆ ನಿಮಗೇನು ಹಗೆ ಅಯ್ಯಾ?"

"ಹಗೆಯಿಲ್ಲ. ಈ ಹಿಮ ಹಗಲಿರುಳು ನರಳುತ್ತಿತ್ತು, ಬಿರುಕು ಬಿಡುತ್ತಿತ್ತು. ನನಗೆ ನಿದ್ದೆಯಿರಲಿಲ್ಲ. ಅದಕ್ಕೇ ನಿಲ್ಲಿಸಿದೆ."

"ನಿಲ್ಲಿಸಿದ ಮೇಲೆ ನಿದ್ದೆ ಬಂತೇ?"

"ಇಲ್ಲ," ಎಂದ ಮಾಂತ್ರಿಕ. "ಈಗ ನನ್ನ ಎದೆಬಡಿತವೇ ಕೇಳಿಸುತ್ತದೆ. ಅದು ಇನ್ನೂ ಕಷ್ಟ."

"ಹಾಗಾದರೆ ಗಂಟು ಬಿಚ್ಚಿ."

"ಹೇಗೆ ಬಿಚ್ಚಲಿ? ನಾನು ಕಟ್ಟಿದ್ದನ್ನು ನಾನೇ ಬಿಚ್ಚಬೇಕು. ಬೆರಳುಗಳು ಗಂಟಿಗೇ ಹೆಪ್ಪುಗಟ್ಟಿವೆ."

ಅಜ್ಜಿಗೆ ಆ ಸ್ಥಿತಿ ತಂದವನು ಇವನೇ. ಸೋಮಲೆಗೆ ಸಿಟ್ಟು ಬಂತು. ಆದರೂ ಎದುರು ಕೂತು, ಅವನ ಕೈಗಳನ್ನು ತನ್ನ ಕೈಗಳಲ್ಲಿ ತೆಗೆದುಕೊಂಡು ಉಸಿರೂದಿದಳು. ಅವಳ ತುಟಿ ನೀಲಿಯಾಯಿತು, ಕಾಲು ಮರಗಟ್ಟಿತು. ಊದುವುದನ್ನು ಮಾತ್ರ ಬಿಡಲಿಲ್ಲ. ಮಾಂತ್ರಿಕನ ಒಂದು ಬೆರಳು ಅಲುಗಿತು. ಆಮೇಲೆ ಇನ್ನೊಂದು. ಅವನು ಮೆಲ್ಲನೆ ಗಂಟು ಸಡಿಲಿಸಿದ.

ಕತ್ತಲಿನಿಂದ ಹಿರಿದಿಂಗಳು ಹೊರಟು ಬಂದಳು. ಅಕ್ಕ ಎಳೆದಳು, ದೈತ್ಯ ಹಿಂಡಿದ, ಹಿಮ ನರಳಿತು. ಬಿರುಕುಗಳಿಂದ ನೀರು ಆಕಾಶಕ್ಕೆ ಚಿಮ್ಮಿ, ಮಂಜಿನ ಹುಡಿಯಾಗಿ ದೈತ್ಯನ ಸುತ್ತ ಬೆಳ್ಳಿಯ ಡಾಬಿನಂತೆ ಹರಡಿತು. ಯಾಳಿ ಕರಗಿ ನೀರಾಯಿತು. ಹಿಮವಾಗಿದ್ದವರು ಕಣ್ಣುಜ್ಜಿಕೊಂಡು ಮನೆಯ ದಾರಿ ಹಿಡಿದರು. ಶೀತಕೇತ ಆ ನರಳಿಕೆಯನ್ನು ಕೇಳುತ್ತಾ ಕೇಳುತ್ತಾ ಒರಗಿ ನಿದ್ದೆಹೋದ. ಅವನ ಮೇಲೆ ಮಂಜು ಮೃದುವಾಗಿ ಬಿತ್ತು. ಯಾರೂ ಅವನನ್ನು ಎಬ್ಬಿಸಲಿಲ್ಲ.

ಸೋಮಲೆ ಕೆಳಗಿಳಿದಾಗ ಬಂಡೆಗಳಿಂದ ಮತ್ತೆ ಬಿಸಿನೀರು ಉಕ್ಕುತ್ತಿತ್ತು. ಊರವರೆಲ್ಲ ಬೆಚ್ಚಗಿನ ನೀರಿನಲ್ಲಿ ಕೈಕಾಲು ಚಾಚಿ ಕೂತು ನಗುತ್ತಿದ್ದರು. ಅಜ್ಜಿ ಎದ್ದು ಬಂದು, ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು, ಅವಳ ಜಡೆಗೆ ಅಂಟಿದ್ದ ಹಿಮದ ಹರಳುಗಳನ್ನು ಒಂದೊಂದಾಗಿ ಬಿಡಿಸಿದಳು.