ದಾಸವಾಳದ ಮೇಲೆ ಅನುಮಾನ

ಕೋಮಲವಲ್ಲಿ ಆರಿಸಿಟ್ಟ ಅಕ್ಕಿಯನ್ನು ಅಜ್ಜಿ ಮತ್ತೆ ಮೊರಕ್ಕೆ ಸುರಿದು, ಕಿಟಕಿಯ ಬೆಳಕಿಗೆ ಹಿಡಿದು ಹುಡುಕತೊಡಗಿದರು. ಸಿಕ್ಕೇಬಿಟ್ಟಿತು, ಎಳ್ಳಿನಷ್ಟು ಚಿಕ್ಕದೊಂದು ಕಲ್ಲು.

"ನೋಡು, ನಾನು ಅಂದುಕೊಂಡೆ. ಕೈ ಮೊರದಲ್ಲಿ, ಕಣ್ಣು ಬೀದೀಲಿ. ಇಂಥವೇ ನಿಮ್ಮಪ್ಪನ ಹೊಟ್ಟೆ ಸೇರಿರೋದು."

ಅಪ್ಪ, ಅಂದರೆ ಬಸ್ತಿಹಳ್ಳಿ ಸ್ಕೂಲಿನ ಅನಂತಸ್ವಾಮಿ ಮೇಷ್ಟ್ರು, ಮೊನ್ನೆ ಸೊಂಟ ಹಿಡಿದುಕೊಂಡು ನೆಲದ ಮೇಲೆ ಹೊರಳಾಡಿದ್ದನ್ನು ಕೋಮಲ ಕಣ್ಣಾರೆ ಕಂಡಿದ್ದಳು. ನಲವತ್ತು ಮಕ್ಕಳನ್ನು ಕಣ್ಣಲ್ಲೇ ಕೂರಿಸುವ ಅಪ್ಪ ಅಮ್ಮಾ ಅಮ್ಮಾ ಎಂದು ಅತ್ತಿದ್ದರು. ಹೋದ ವರ್ಷವೂ ಹೀಗೇ ನೋವು ಬಂದು, ಕೊನೆಗೆ ಮೂತ್ರದಲ್ಲಿ ಒಂದು ಸಣ್ಣ ಕಲ್ಲು ಬಿದ್ದಿತ್ತು. ಇದು ಎರಡನೆಯದು.

ತಪ್ಪು ನನ್ನದೇ ಇರಬಹುದಾ? ಇಲ್ಲ, ಇರಲಿಕ್ಕಿಲ್ಲ. ಅಕ್ಕಿ ಮಾರುವ ಷಡಕ್ಷರಪ್ಪನೇ ಬೇಕೆಂದು ಕಲ್ಲು ಬೆರೆಸುತ್ತಾನೆ! ಸಂಜೆ ಅವಳು ಹಳೇಬೀಡಿನ ಅವನ ಅಂಗಡಿಯ ಮುಂದೆ ಕಂಬದ ಹಾಗೆ ನಿಂತು, ಅವನು ಅಳೆಯುವ ಒಂದೊಂದು ಸೇರನ್ನೂ ನೋಡಿದಳು.

"ಏನವ್ವಾ, ಅಂಗೆ ದುರುಗುಟ್ಕೊಂಡು ನೋಡ್ತೀಯ? ನನ್ ಮಕದಾಗೆ ಏನೈತೆ?" ಅಂದ ಷಡಕ್ಷರಪ್ಪ.

ಏನೂ ಇರಲಿಲ್ಲ. ಕೋಮಲಳ ಅನುಮಾನ ಮಾತ್ರ ಕರಗಲಿಲ್ಲ.

ಭಾನುವಾರ ಅಪ್ಪ ಬಸ್ಸು ಹತ್ತಿ ಬೇಲೂರಿನ ಡಾಕ್ಟರ ಹತ್ತಿರ ಹೊರಟಾಗ, ಜೊತೆಗಿರಲಿ ಎಂದು ಅಜ್ಜಿ ಅವಳನ್ನೂ ಕಳಿಸಿದರು. ಒಳಗೆ ಹೋಗಿದ್ದೇ ತಡ, ಅವಳು ಕೇಳಿಯೇಬಿಟ್ಟಳು, ಅಕ್ಕಿಯಲ್ಲಿರುವ ಕಲ್ಲಿಂದ ಹೀಗಾಗುತ್ತಾ ಅಂತ.

ಡಾಕ್ಟರು ನಕ್ಕರು. "ಅಕ್ಕಿಕಲ್ಲು ಹೋಗೋ ದಾರೀನೇ ಬೇರೆ ಮಗು. ಇದು ಒಳಗೇ ಕಟ್ಟೋದು. ನಿಮ್ಮ ಬಚ್ಚಲ ಹಂಡೆಯೊಳಗೆ ಬಿಳೀದು ಕಟ್ಟಿರುತ್ತಲ್ಲ, ಹಾಗೆ. ನೀರು ಕಡಿಮೆ ಕುಡಿದಷ್ಟೂ ಬೇಗ ಕಟ್ಟುತ್ತೆ."

ಆಮೇಲೆ ಅವರು ಅಪ್ಪನ ಕಡೆ ತಿರುಗಿದರು. ಒಂದು ಸಲ ಕಟ್ಟಿದವರಿಗೆ ಮತ್ತೆ ಮತ್ತೆ ಕಟ್ಟುತ್ತದಂತೆ. ಅದಕ್ಕೇ ನೀರು ಬೆಳಗ್ಗೆಯಿಂದ ರಾತ್ರಿವರೆಗೂ ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಹೋಗುತ್ತಲೇ ಇರಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಒಂದಕ್ಕೆ ಹೋದಾಗ ಅದರ ಬಣ್ಣ ತಿಳಿಯಾಗಿರಬೇಕು. ಉಪ್ಪಿನಕಾಯಿ, ಹಪ್ಪಳಗಳ ಉಪ್ಪು ಕಡಿಮೆ ಮಾಡಬೇಕು. ಇನ್ನೊಂದು ಸಲ ಬಂದು, ದೊಡ್ಡ ಕಲ್ಲಾಗಿಬಿಟ್ಟರೆ ಮೈಸೂರಿಗೆ ಕಳಿಸಿ ಕೊಯ್ಯಬೇಕಾದೀತು ಎಂದರು.

ಕೊಯ್ಯುವುದು ಅಂದಕೂಡಲೇ ಕೋಮಲ ಅಪ್ಪನ ಅಂಗಿಯ ತುದಿ ಹಿಡಿದುಕೊಂಡಳು.

"ಸ್ಕೂಲಲ್ಲಿ ನೀರು ಕುಡೀತೀರಾ, ಮೇಷ್ಟ್ರೇ?" ಎಂದು ಕೇಳಿದರು ಡಾಕ್ಟರು.

"ಕುಡೀತೀನಿ, ಕುಡೀತೀನಿ," ಎಂದರು ಅಪ್ಪ, ಸೂರು ನೋಡುತ್ತಾ.

ಸುಳ್ಳು ಹೇಳುವ ಹುಡುಗರೂ ಸೂರನ್ನೇ ನೋಡುತ್ತಾರೆ. ಅದನ್ನು ಅವಳಿಗೆ ಹೇಳಿಕೊಟ್ಟವರು ಅಪ್ಪನೇ.

ಸೋಮವಾರದಿಂದ ಅಜ್ಜಿ ತಿರುಪು ಮುಚ್ಚಳದ ಹಿತ್ತಾಳೆ ಕೂಜದ ತುಂಬ ನೀರು ತುಂಬಿ ಕಳಿಸತೊಡಗಿದರು. ಸಂಜೆ ಕೂಜ ಖಾಲಿಯಾಗಿಯೇ ಬರುತ್ತಿತ್ತು. ಅಜ್ಜಿಗೆ ಸಮಾಧಾನವಾಯಿತು, ಕೋಮಲಳಿಗೆ ಆಗಲಿಲ್ಲ. ಅವಳು ಓದುವುದೂ ಅಪ್ಪನ ಸ್ಕೂಲಿನಲ್ಲೇ. ಪಾಠದ ಹೊತ್ತಿನಲ್ಲಿ ಅಪ್ಪ ಕೂಜ ಎತ್ತಿದ್ದನ್ನು ಅವಳು ಒಂದು ಸಲವೂ ಕಂಡಿರಲಿಲ್ಲ. ಅಪ್ಪನ ತುಟಿ ಸಂಜೆ ಹೊತ್ತಿಗೆ ಸುಣ್ಣ ಬಳಿದ ಹಾಗೆ ಒಣಗಿರುತ್ತಿತ್ತು. ಹಾಗಾದರೆ ನೀರು ಕುಡಿಯುತ್ತಿರುವವರು ಯಾರು?

ಶಿವರಾತ್ರಿ ಕಳೆದು ಬಿಸಿಲೇರಿತ್ತು. ಸ್ಕೂಲಿನ ಸುತ್ತ ಹುಲ್ಲೆಲ್ಲ ಸುಟ್ಟಿತ್ತು. ಹಿಂದಿನ ಗೋಡೆಯ ಪಕ್ಕದ ದಾಸವಾಳವೊಂದು ಮಾತ್ರ ಹಸಿರಾಗಿ, ದಿನಕ್ಕೆ ನಾಲ್ಕು ಹೂ ಬಿಟ್ಟುಕೊಂಡು ಮೆರೆಯುತ್ತಿತ್ತು. ಬುಡದ ಮಣ್ಣು ಒದ್ದೆ.

ಮಧ್ಯಾಹ್ನ ಊಟದ ಬೆಲ್ಲು ಹೊಡೆಯಿತು. ಮಕ್ಕಳೆಲ್ಲ ಮನೆಗೆ ಓಡಿದರು. ಕೋಮಲ ಗೋಡೆಯ ಮರೆಯಲ್ಲಿ ಬುತ್ತಿ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಅಪ್ಪ ಕೂಜ ಹಿಡಿದು ಬಂದರು. ಆ ಕಡೆ ಈ ಕಡೆ ನೋಡಿ, ಒಂದೇ ಒಂದು ಗುಟುಕು ಕುಡಿದು, ಮಿಕ್ಕಿದ್ದನ್ನೆಲ್ಲ ದಾಸವಾಳದ ಬುಡಕ್ಕೆ ಸುರಿದರು.

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು.

"ಅಕ್ಕಿ ನಾನು ಸರಿಯಾಗೇ ಆರಿಸಿದ್ದೆ," ಎಂದಳು, ಎದುರು ಬಂದು ನಿಂತು.

ಅಪ್ಪ ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತುಬಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. "ನೀರು ಕುಡಿದ್ರೆ ಒಂದಕ್ಕೆ ಎದ್ದು ಹೋಗಬೇಕಾಗುತ್ತೆ ಕಣೇ. ಕೆರೆ ಏರಿ ಆಚೆಗೆ ಹೋಗಿ ಬರಬೇಕು. ಇರೋ ಮೇಷ್ಟ್ರು ನಾನೊಬ್ಬನೇ, ಅಷ್ಟು ಹೊತ್ತು ಈ ಮಕ್ಕಳನ್ನ ಯಾರ ಕೈಗೆ ಬಿಡಲಿ?"

ಎರಡು ವರ್ಷದ ಹಿಂದೆ ಹಾಗೆ ಹೋಗಿದ್ದಾಗಲೇ ಪುಂಡ ಹುಡುಗ ಮರಿಯಣ್ಣ ಸ್ಲೇಟಿನಲ್ಲಿ ಒಬ್ಬನ ತಲೆ ಒಡೆದಿದ್ದ. ಅದೇ ಗಳಿಗೆಗೆ ಇನ್ಸ್‌ಪೆಕ್ಟರು ಬಂದಿದ್ದರು. ಇನ್ನೊಂದು ಸಲ ಹೀಗಾದರೆ ಎತ್ತಂಗಡಿ ಎಂದು ಬರೆದು ಹೋಗಿದ್ದರು. ಅವತ್ತಿನಿಂದ ಅಪ್ಪ ಬೆಳಗ್ಗೆ ಕಾಫಿ ಕುಡಿದು ಹೊರಟರೆ, ನೀರು ಕುಡಿಯುತ್ತಿದ್ದುದು ಮನೆಗೆ ಬಂದ ಮೇಲೇ. ಬಾಯಾರುವುದೇ ಮರೆತುಹೋಗಿದೆ ಎಂದರು.

ಕೋಮಲ ಅಜ್ಜಿಗೆ ಏನೂ ಹೇಳಲಿಲ್ಲ. ಮರುದಿನ ಕೂಜವನ್ನು ತಂದು ಎಲ್ಲರೆದುರು ಮೇಜಿನ ಮೇಲಿಟ್ಟಳು. ಒಂದೊಂದು ಪಾಠ ಮುಗಿದಾಗಲೂ ಅಪ್ಪನನ್ನೇ ನೋಡಿದಳು. ಅಪ್ಪ ಕುಡಿದರು. ನಡುಮಧ್ಯಾಹ್ನದ ಹೊತ್ತಿಗೆ ಕುರ್ಚಿಯಲ್ಲಿ ಆ ಕಡೆ ಈ ಕಡೆ ಮಿಸುಕಾಡತೊಡಗಿದರು.

"ಹೋಗಿ ಬನ್ನಿ, ಮೇಷ್ಟ್ರೇ," ಎಂದು ಅವಳು ಎದ್ದು ನಿಂತಳು. ಸ್ಕೂಲಿನಲ್ಲಿ ಅವರು ಅಪ್ಪ ಅಲ್ಲವಲ್ಲ.

ಅಪ್ಪ ಅನುಮಾನದಿಂದಲೇ ಬಾಗಿಲು ದಾಟಿದರು. ಹಿಂದಿನ ಸಾಲಿನಲ್ಲಿ ಮರಿಯಣ್ಣ ಆಗಲೇ ಅಂಗಿಯ ತೋಳು ಮಡಿಸಿದ್ದ. ಕೋಮಲ ಮೇಜಿನ ಮೇಲಿದ್ದ ಬೆತ್ತವನ್ನು ತೆಗೆದುಕೊಂಡು ನೇರವಾಗಿ ಹೋಗಿ ಅವನ ಕೈಗೇ ಕೊಟ್ಟಳು.

"ಹದಿಮೂರರ ಮಗ್ಗಿ ನೀನು ಹೇಳಿಸು."

"ನಾನಾ?" ಎಂದ ಮರಿಯಣ್ಣ. ಅವನ ಕೈಗೆ ಇದುವರೆಗೆ ಬೆತ್ತ ಯಾರೂ ಕೊಟ್ಟಿರಲಿಲ್ಲ. ಎದ್ದ, ಮುಂದೆ ಬಂದ, ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಹದಿಮೂರ್ ಒಂದ್ಲ ಹದಿಮೂರು." ಸ್ಕೂಲಿನ ಸೂರೇ ಹಾರಿಹೋಗುವ ಹಾಗೆ ಎಲ್ಲರೂ ಕೂಗಿದರು. ಕೆರೆ ಏರಿಯ ಮೇಲೆ ಅಪ್ಪ ಒಮ್ಮೆ ನಿಂತು ತಿರುಗಿ ನೋಡಿ, ಮುಂದಕ್ಕೆ ನಡೆದದ್ದು ಅವಳಿಗೆ ಕಿಟಕಿಯಿಂದ ಕಾಣಿಸಿತು.

ಹತ್ತು ದಿನ ಕಳೆದ ಮೇಲೆ ಕೋಮಲ ಗೋಡೆಯ ಹಿಂದೆ ಹೋಗಿ ನೋಡಿದಳು. ಬುಡದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ದಾಸವಾಳದ ಎಲೆಗಳೆಲ್ಲ ಸೊರಗಿ ಜೋತುಬಿದ್ದಿದ್ದವು. ಗಿಡ ಬಾಡಿದ್ದನ್ನು ನೋಡಿ ಅವಳಿಗೆ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಆದರೂ ಪಾಪ, ಗಿಡದ್ದೇನು ತಪ್ಪು? ಸ್ಲೇಟು ಒರೆಸುವ ನೀರಿನ ಡಬ್ಬ ಹಿಡಿದು ಅವಳು ಕೆರೆಯ ಕಡೆಗೆ ಹೊರಟಳು.